ಗೆರೆ ಮೊದಲು, ಸರ್ಕಾರ ಆಮೇಲೆ: ಹೆಸರಿಲ್ಲದ ಗಡಿನಾಡು ಅರುಣಾಚಲವಾದ ಬಗೆ

ಬೆಂಗಳೂರಿನಿಂದ ಗುವಾಹಟಿಗೆ ಹೋಗಲು ಯಾರ ಅಪ್ಪಣೆಯೂ ಬೇಕಿಲ್ಲ, ಟಿಕೆಟ್ ಇದ್ದರೆ ಸಾಕು. ಅಲ್ಲಿಂದ ತೇಜ್‌ಪುರ ದಾಟಿ ತವಾಂಗ್ ದಾರಿ ಹಿಡಿದರೆ, ಬೆಟ್ಟದ ಏರು ಶುರುವಾಗುವ ಭಾಲುಕ್‌ಪಾಂಗ್‌ನಲ್ಲಿ ಗಾಡಿ ನಿಲ್ಲಿಸಿ ಇನ್ನರ್ ಲೈನ್ ಪರ್ಮಿಟ್ ತೋರಿಸಬೇಕು. ಈಗ ಅದನ್ನು ಮೊಬೈಲಿನಲ್ಲೇ ಪಡೆಯಬಹುದು. ಆದರೆ ಅದಕ್ಕೆ ಆಧಾರವಾಗಿರುವುದು 1873ರ ಬಂಗಾಳ ಪೂರ್ವ ಗಡಿನಾಡು ನಿಯಮಾವಳಿ. ಬ್ರಿಟಿಷರು ಬರೆದಿಟ್ಟ ಎಷ್ಟೋ ಕಾನೂನುಗಳನ್ನು ನಾವು ಬೈಯುತ್ತಲೇ ಉಳಿಸಿಕೊಂಡಿದ್ದೇವೆ. ಇದೊಂದನ್ನು ಮಾತ್ರ ಅಲ್ಲಿನ ಜನರೇ ತೆಗೆಯಬೇಡಿ ಎಂದು ಪಟ್ಟು ಹಿಡಿದು ಉಳಿಸಿಕೊಂಡಿದ್ದಾರೆ. ಏಕೆ ಎಂದು ತಿಳಿಯಬೇಕಾದರೆ ಆ ನೆಲ ಆಡಳಿತದೊಳಗೆ ಬಂದ ವಿಚಿತ್ರ ಕ್ರಮವನ್ನು ನೋಡಬೇಕು.

ಅರುಣಾಚಲ ಪ್ರದೇಶ ಭಾರತದ ಆಡಳಿತಕ್ಕೆ ಸೇರಿದ್ದು ಯಾವಾಗ ಎಂಬ ಪ್ರಶ್ನೆಗೆ ಒಂದೇ ಇಸವಿಯ ಉತ್ತರವಿಲ್ಲ. 1826 ಎನ್ನಬಹುದು, 1873, 1914, 1951, 1972, 1987 ಎಂದೂ ಹೇಳಬಹುದು. ಎಲ್ಲವೂ ಅರ್ಧರ್ಧ ಸರಿ. ಒಂದು ಪ್ರದೇಶಕ್ಕೆ ಗಡಿ ಬೇಕು, ಕಾನೂನು ಬೇಕು, ಅಧಿಕಾರಿ ಬೇಕು, ನ್ಯಾಯ ಹೇಳುವವರು ಬೇಕು, ಪ್ರತಿನಿಧಿ ಬೇಕು, ಒಂದು ಹೆಸರೂ ಬೇಕು. ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಕಡಿಮೆ, ಅಂದರೆ 83,743 ಚದರ ಕಿಲೋಮೀಟರ್ ಇರುವ ಈ ಬೆಟ್ಟಸೀಮೆಗೆ ಇವೆಲ್ಲ ಒಟ್ಟಿಗೆ ಬರಲಿಲ್ಲ, ನಾವು ನಿರೀಕ್ಷಿಸುವ ಸರದಿಯಲ್ಲೂ ಬರಲಿಲ್ಲ.

ನಮ್ಮ ಕಡೆಯ ಸರದಿ ಬೇರೆ. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಥಾಮಸ್ ಮನ್ರೋ ಅಲ್ಲಿಗೆ ಬಂದು ಮೊದಲು ಮಾಡಿದ್ದು ಹೊಲ ಅಳೆಸಿ ಕಂದಾಯ ಕಟ್ಟುವ ಕೆಲಸ. ನೆಲ, ರೈತ, ತೆರಿಗೆ, ಕಚೇರಿ ಎಂಬ ದಾರಿ ಅದು. ಅಮೆರಿಕದ ದಾರಿ ಇನ್ನೊಂದು ಬಗೆಯದು. ಓಹಾಯೋ ನದಿಯ ವಾಯವ್ಯದ ನೆಲಕ್ಕಾಗಿ 1787ರಲ್ಲಿ ಮಾಡಿದ ಶಾಸನ ತಲೆ ಎಣಿಸಿ ಲೆಕ್ಕ ಹಾಕಿತ್ತು. ವಯಸ್ಕ ಸ್ವತಂತ್ರ ಗಂಡಸರು 5,000 ಆದರೆ ಒಂದು ಶಾಸನಸಭೆ, ಸ್ವತಂತ್ರ ನಿವಾಸಿಗಳು 60,000 ಆದರೆ ರಾಜ್ಯ. ಎಣಿಕೆಗೆ ಬಂದದ್ದು ಹೊರಗಿನಿಂದ ವಲಸೆ ಬಂದವರ ತಲೆ, ಅಲ್ಲಿಯೇ ಇದ್ದ ಮೂಲನಿವಾಸಿಗಳದ್ದಲ್ಲ. ಹಿಮಾಲಯದ ಈ ಮೂಲೆಯಲ್ಲಿ ಕಂದಾಯದ ಆಸೆಯೂ ಇರಲಿಲ್ಲ, ವಲಸಿಗರಿಗೆ ಬಾಗಿಲೂ ತೆರೆಯಲಿಲ್ಲ. ಇಲ್ಲಿ ಮೊದಲು ಬಂದದ್ದು ಗೆರೆ. ಗೆರೆಯ ಹಿಂದೆ ಸರ್ಕಾರ ಬರಲು ಎರಡು ತಲೆಮಾರು ಹಿಡಿಯಿತು.

ಬ್ರಿಟಿಷರು ಬರುವ ಮೊದಲು ಬಯಲಿನಲ್ಲಿ ಅಹೋಮ್ ಅರಸರು, ಬೆಟ್ಟದಲ್ಲಿ ನ್ಯಿಶಿ, ಅಕಾ, ಆದಿ ಮೊದಲಾದ ಸಮುದಾಯಗಳು. ಇವರ ನಡುವಿನ ಸಂಬಂಧಕ್ಕೆ ಪೋಸಾ ಎಂಬ ಏರ್ಪಾಡಿತ್ತು. ಬೆಟ್ಟದ ಬುಡದ ಗೊತ್ತಾದ ಹಳ್ಳಿಗಳಿಂದ ಬಟ್ಟೆ, ಉಪ್ಪು, ಕಬ್ಬಿಣದಂಥ ಸಾಮಗ್ರಿ ಪಡೆಯುವ ಹಕ್ಕು ಬೆಟ್ಟದವರಿಗೆ ವರ್ಷವರ್ಷವೂ ಇರುತ್ತಿತ್ತು, ಪ್ರತಿಯಾಗಿ ಅವರು ದಾಳಿ ಮಾಡುತ್ತಿರಲಿಲ್ಲ. ಹದಿನೇಳನೆಯ ಶತಮಾನದ ಪ್ರತಾಪ ಸಿಂಹನ ಕಾಲದಲ್ಲಿ ಇದು ಗಟ್ಟಿಯಾಯಿತು. 1826ರ ಯಾಂಡಬೂ ಒಪ್ಪಂದದಿಂದ ಅಸ್ಸಾಂ ಬ್ರಿಟಿಷರ ಕೈಸೇರಿದ ಮೇಲೆ ಹೊಸ ಅಧಿಕಾರಿಗಳಿಗೆ ಇದು ಸುಲಿಗೆಯಂತೆ ಕಂಡಿತು. ಬೆಟ್ಟದವರ ಲೆಕ್ಕದಲ್ಲಿ ಅದು ಬಯಲಿನ ಮೇಲೆ ತಮಗಿದ್ದ ಪಾಲು. ಬ್ರಿಟಿಷರು ತೆರಿಗೆಯನ್ನು ತಾವೇ ವಸೂಲು ಮಾಡಿ, ಪೋಸಾವನ್ನು ನಗದಾಗಿ ಎಣಿಸಿ ಕೊಡತೊಡಗಿದರು. ಹಕ್ಕಾಗಿದ್ದದ್ದು ಸರ್ಕಾರದ ಕೃಪೆಯಾಯಿತು, ಸಿಟ್ಟು ಬಂದಾಗ ನಿಲ್ಲಿಸಬಹುದಾದ ಕೃಪೆ.

ಆಮೇಲೆ ಚಹಾ ಬಂತು. 1839ರಲ್ಲಿ ಅಸ್ಸಾಂ ಕಂಪನಿ ಹುಟ್ಟಿದ ಮೇಲೆ ತೋಟಗಳು ದರಂಗ್, ಲಖೀಂಪುರ ಜಿಲ್ಲೆಗಳಲ್ಲಿ ಬೆಟ್ಟದ ಬುಡದವರೆಗೆ ಹಬ್ಬಿದವು. ಕಾಡಿನ ರಬ್ಬರ್ ಇಳಿಸುವವರು, ಆನೆ ಹಿಡಿಯುವವರು, ದಂತದ ವ್ಯಾಪಾರಿಗಳು ಬೆಟ್ಟ ಹತ್ತತೊಡಗಿದರು. ಅಲ್ಲಿ ಜಗಳವಾಯಿತು, ಕೆಲವರು ಸತ್ತರು, ಸತ್ತವರಿಗಾಗಿ ಸೈನ್ಯ ಕಳಿಸಬೇಕಾಯಿತು, ಸೈನ್ಯಕ್ಕೆ ಹಣ ಬೇಕಾಯಿತು. ಲಾಭವೇ ಇಲ್ಲದ ಬೆಟ್ಟದಲ್ಲಿ ವ್ಯಾಪಾರಿಗಳ ದುರಾಸೆಗೆ ದಂಡ ಕಟ್ಟುವುದು ಸರ್ಕಾರಕ್ಕೆ ಸಾಕಾಗಿಹೋಯಿತು. 1873ರ ನಿಯಮಾವಳಿ ಹುಟ್ಟಿದ್ದು ಹೀಗೆ. ಬೆಟ್ಟದ ಬುಡದ ಉದ್ದಕ್ಕೂ ಒಂದು ಗೆರೆ. ಪರವಾನಗಿಯಿಲ್ಲದೆ ಬ್ರಿಟಿಷ್ ಪ್ರಜೆ ಅದನ್ನು ದಾಟುವಂತಿಲ್ಲ. ಗೆರೆಯಾಚೆ ಹೊರಗಿನವನು ಭೂಮಿ ಪಡೆಯುವಂತಿಲ್ಲ. ರಬ್ಬರ್, ಮೇಣ, ದಂತದಂಥ ಕಾಡಿನ ಉತ್ಪನ್ನವನ್ನು ಅಪ್ಪಣೆಯಿಲ್ಲದೆ ತರುವಂತಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ, ಮುಂದಿನ ಕಥೆಯೆಲ್ಲ ಅದರ ಮೇಲೆಯೇ ತಿರುಗುತ್ತದೆ. ಇನ್ನರ್ ಲೈನ್ ದೇಶದ ಗಡಿಯಾಗಿರಲಿಲ್ಲ, ನಿತ್ಯದ ಆಡಳಿತ ನಿಲ್ಲುವ ಜಾಗವಾಗಿತ್ತು. ತೆರಿಗೆ, ಪೊಲೀಸು, ಕೋರ್ಟು ಎಲ್ಲ ಈಚೆ. ಆಚೆಯವರು ನಮ್ಮ ಪ್ರಭಾವದವರು, ಆದರೆ ನಮ್ಮ ಪ್ರಜೆಗಳೆಂದು ಖಚಿತವಾಗಿ ಹೇಳಲಾರೆವು ಎಂಬ ಧೋರಣೆ. ಸಾಮ್ರಾಜ್ಯ ಎಲ್ಲಿ ಮುಗಿಯುತ್ತದೆ ಎಂದು ಯಾರಾದರೂ ಕೇಳಿದ್ದರೆ ಅಧಿಕಾರಿಗಳು ಬೆಟ್ಟದತ್ತ ಕೈ ತೋರಿಸಿ ಸುಮ್ಮನಾಗುತ್ತಿದ್ದರು. ಕೇಳುವವರು ಯಾರೂ ಇರಲಿಲ್ಲವಾದ್ದರಿಂದ ನಾಲ್ಕು ದಶಕ ಹಾಗೆಯೇ ನಡೆಯಿತು. 1882ರಲ್ಲಿ ಸದಿಯಾದಲ್ಲಿ ಜ್ಯಾಕ್ ನೀಡಮ್ ಎಂಬವನನ್ನು ಸಹಾಯಕ ಪೊಲಿಟಿಕಲ್ ಆಫೀಸರ್ ಆಗಿ ನೇಮಿಸಿದ್ದೇ ದೊಡ್ಡ ವಿಸ್ತರಣೆ. ಗಮನಿಸಿ, ಅವನು ಕಲೆಕ್ಟರ್ ಅಲ್ಲ, ಪೊಲಿಟಿಕಲ್ ಆಫೀಸರ್. ಆಳುವ ಅಧಿಕಾರಿಗಿಂತ ನೆರೆಯವರೊಡನೆ ವ್ಯವಹರಿಸುವ ರಾಯಭಾರಿಯ ಕೆಲಸ ಅವನದು.

1911ರಲ್ಲಿ ಈ ನೆಮ್ಮದಿ ಮುರಿಯಿತು. ನೀಡಮ್‌ನ ನಂತರ ಬಂದ ನೋಯೆಲ್ ವಿಲಿಯಮ್ಸನ್ ಆ ವರ್ಷದ ಮಾರ್ಚ್‌ನಲ್ಲಿ ವೈದ್ಯ ಗ್ರೆಗರ್ಸನ್ ಜೊತೆ ಸಿಯಾಂಗ್ ನದಿಯ ಕಣಿವೆಯಲ್ಲಿ ಆದಿ ಜನರ ಹಳ್ಳಿಗಳ ಕಡೆ ನಡೆದ. ದಾರಿಯಲ್ಲಿ ಕೆಲವು ಪತ್ರಗಳನ್ನು ಒಬ್ಬ ಆಳಿನ ಕೈಯಲ್ಲಿ ಹಿಂದಕ್ಕೆ ಕಳಿಸಿದ. ಅಂದಿನ ವೃತ್ತಾಂತಗಳು ಹೇಳುವ ಕಥೆ ಹೀಗಿದೆ: ಲಕೋಟೆಗಳ ಅಂಚು ಕಪ್ಪು, ಮೇಲೆ ಕೆಂಪು ಅರಗಿನ ಮುದ್ರೆ. ದಾರಿಯ ಹಳ್ಳಿಯಲ್ಲಿ ಇದೇನೆಂದು ಕೇಳಿದವರಿಗೆ ಆ ಆಳು ಜಂಬ ಕೊಚ್ಚಿಕೊಂಡನಂತೆ: ಬಿಳಿ ಕಾಗದವೆಂದರೆ ಬಿಳಿಯ ಸಾಹೇಬರು, ಕಪ್ಪು ಅಂಚೆಂದರೆ ಅವರ ಸಿಪಾಯಿಗಳು, ಕೆಂಪು ಮುದ್ರೆಯೆಂದರೆ ಸರ್ಕಾರದ ಕೋಪ. ಆದಿ ಜನರ ನೆನಪಿನಲ್ಲಿ ಉಳಿದಿರುವುದು ಬೇರೆ ಕಥೆ. ಅಲ್ಲಿ ಕೇಂದ್ರದಲ್ಲಿರುವವನು ಮಾತ್ಮುರ್ ಜಾಮೋಹ್, ವಿಲಿಯಮ್ಸನ್ ಮಾಡಿದ ಅವಮಾನಕ್ಕೆ ಸೇಡು ತೀರಿಸಿಕೊಂಡವನು. ಕಾರಣ ಯಾವುದೇ ಇರಲಿ, ಮಾರ್ಚ್ ಕೊನೆಯಲ್ಲಿ ಕೋಮ್ಸಿಂಗ್ ಹಳ್ಳಿಯಲ್ಲಿ ವಿಲಿಯಮ್ಸನ್, ಪಾಂಗಿಯ ಬಳಿ ಗ್ರೆಗರ್ಸನ್, ಅವರೊಡನೆ ಬಹುತೇಕ ಕೂಲಿಗಳು ಕೊಲೆಯಾದರು. ಅದೇ ವರ್ಷದ ಕೊನೆಯಲ್ಲಿ ಮೇಜರ್ ಜನರಲ್ ಹ್ಯಾಮಿಲ್ಟನ್ ಬೋವರ್‌ನ ದಂಡಯಾತ್ರೆ ಹೊರಟಿತು.

ದಂಡಯಾತ್ರೆಯ ಹೆಸರಿನಲ್ಲಿ ನಡೆದದ್ದು ಶಿಕ್ಷೆಯೊಂದೇ ಅಲ್ಲ, ಸರ್ವೆಯೂ ಹೌದು. 1910ರಲ್ಲಿ ಚೀನಾದ ಸೇನೆ ಲ್ಹಾಸಾಕ್ಕೆ ಬಂದಿತ್ತು, ಲೋಹಿತ್ ಕಣಿವೆಯ ಮೇಲ್ತುದಿಯ ರೀಮಾದಲ್ಲಿ ಚೀನೀಯರು ಕಾಣಿಸಿಕೊಂಡಿದ್ದರು. ಈಗ ಗಡಿ ಎಲ್ಲಿ ಎಂದು ಕೇಳುವವರು ಹುಟ್ಟಿದ್ದರು. 1913ರಲ್ಲಿ ಬೇಯ್ಲಿ ಮತ್ತು ಮೋರ್ಸ್‌ಹೆಡ್ ಎಂಬ ಇಬ್ಬರು ಅಧಿಕಾರಿಗಳು ನಡೆದೇ ತ್ಸಾಂಗ್‌ಪೋ ಕಣಿವೆಯಿಂದ ತವಾಂಗ್‌ವರೆಗೆ ಅಳೆದು ಬಂದರು. ಆ ಅಳತೆಯ ಬಲದಿಂದ, ಬ್ರಿಟನ್, ಚೀನಾ, ಟಿಬೆಟ್ ಮೂವರೂ ಸೇರಿದ್ದ ಸಿಮ್ಲಾ ಮಾತುಕತೆಯ ಬದಿಯಲ್ಲಿ, 1914ರ ಮಾರ್ಚ್ 24 ಮತ್ತು 25ರಂದು ದೆಹಲಿಯಲ್ಲಿ, ಬ್ರಿಟಿಷ್ ಪ್ರತಿನಿಧಿ ಹೆನ್ರಿ ಮೆಕ್‌ಮಹೋನ್ ಮತ್ತು ಟಿಬೆಟ್‌ನ ಪ್ರತಿನಿಧಿ ಲೋನ್‌ಚೆನ್ ಶಾತ್ರಾ ಪತ್ರ ವಿನಿಮಯ ಮಾಡಿಕೊಂಡರು. ಭೂತಾನದಿಂದ ಬರ್ಮಾ ಕಡೆಗೆ, ಹಿಮಾಲಯದ ಏಣಿನ ಮೇಲೆ ಒಂದು ಗಡಿ. ಚೀನಾದ ಪ್ರತಿನಿಧಿಯನ್ನು ಆ ಮಾತಿಗೆ ಕರೆದಿರಲಿಲ್ಲ. ಸಿಮ್ಲಾ ಕರಡಿಗೆ ಅವನು ಹಾಕಿದ ಸಣ್ಣ ಸಹಿಯನ್ನೂ ಅವನ ಸರ್ಕಾರ ಒಪ್ಪಲಿಲ್ಲ.

ಆ ನಕ್ಷೆಯ ಅಳತೆ ಒಂದು ಅಂಗುಲಕ್ಕೆ ಎಂಟು ಮೈಲಿ. ಅಂದರೆ ಕಾಗದದ ಮೇಲೆ ಒಂದು ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ ಅರ್ಧ ಕಿಲೋಮೀಟರ್ ಅಗಲ. ಯಾವ ಏಣು, ಯಾವ ಹಳ್ಳ ಎಂದು ಕೇಳಿದರೆ ಗೆರೆ ಉತ್ತರ ಕೊಡುವುದಿಲ್ಲ. ನಲವತ್ತೈದು ವರ್ಷಗಳ ನಂತರ ಲೊಂಗ್ಜು ಎಂಬ ಸಣ್ಣ ಹಳ್ಳಿ ಗೆರೆಯ ಈಚೆಯೋ ಆಚೆಯೋ ಎಂದು ಗುಂಡು ಹಾರಿತು. ಇನ್ನು ಮೂರು ವರ್ಷಕ್ಕೆ ಥಗ್ ಲಾ ಏಣಿನ ಬುಡದಲ್ಲಿ, ನಾಮ್ಕಾ ಚು ಹೊಳೆಯ ದಡದಲ್ಲಿ, ಯುದ್ಧವೇ ಶುರುವಾಯಿತು.

ಅದೇ 1914ರಲ್ಲಿ ಬೆಟ್ಟಸೀಮೆಗೆ ನಾರ್ತ್ ಈಸ್ಟ್ ಫ್ರಾಂಟಿಯರ್ ಟ್ರ್ಯಾಕ್ಟ್ ಎಂದು ಹೆಸರಿಟ್ಟು ಮೂರು ಭಾಗ ಮಾಡಿದರು, ಮುಂದೆ ಬಾಲಿಪಾರಾ, ಸದಿಯಾ, ಲಖೀಂಪುರ ಎಂಬ ಹೆಸರು ಬಂದವು. ಹೆಸರುಗಳನ್ನು ನೋಡಿದರೇ ತಿಳಿಯುತ್ತದೆ, ಸದಿಯಾ, ಬಾಲಿಪಾರಾ ಎರಡೂ ಬಯಲಿನ ಊರುಗಳು. ಅಧಿಕಾರಿ ಅಲ್ಲಿ ಕೂರುತ್ತಿದ್ದ. ಚಳಿಗಾಲದಲ್ಲಿ ಕೂಲಿಗಳನ್ನು ಕಟ್ಟಿಕೊಂಡು ಬೆಟ್ಟದ ಒಂದೆರಡು ಕಣಿವೆ ಸುತ್ತಿ, ಮಳೆ ಹಿಡಿಯುವ ಮೊದಲು ಇಳಿದು ಬರುತ್ತಿದ್ದ. ಒಳಗೆರೆಗೂ ಹೊರಗಡಿಗೂ ನಡುವಿನ ನೆಲದಲ್ಲಿ ಸರ್ಕಾರವೆಂದರೆ ವರ್ಷಕ್ಕೊಮ್ಮೆ ಬಂದುಹೋಗುವ ಒಂದು ಮೆರವಣಿಗೆ. ಮೆಕ್‌ಮಹೋನ್ ರೇಖೆಯನ್ನಂತೂ ದೆಹಲಿಯ ಕಚೇರಿಗಳೇ ಮರೆತುಬಿಟ್ಟಿದ್ದವು. 1935ರಲ್ಲಿ ಓಲಾಫ್ ಕ್ಯಾರೋ ಎಂಬ ಅಧಿಕಾರಿ ಕಡತ ಕೆದಕಿದಾಗ ಅದು ಮತ್ತೆ ಸಿಕ್ಕಿತು. ಆಗ ನಡೆದದ್ದು ಕಚೇರಿ ಚಾಲಾಕಿತನಕ್ಕೆ ಒಳ್ಳೆಯ ಮಾದರಿ. ಐಚಿಸನ್ ಒಪ್ಪಂದ ಸಂಗ್ರಹದ 1929ರ ಸಂಪುಟದಲ್ಲಿ 1914ರ ಪತ್ರಗಳು ಇರಲಿಲ್ಲ. ಹಾಗಾಗಿ 1938ರಲ್ಲಿ ಅವುಗಳನ್ನು ಸೇರಿಸಿ ಹೊಸ ಸಂಪುಟ ಅಚ್ಚು ಹಾಕಿಸಿದರು, ಇಸವಿ ಮಾತ್ರ 1929 ಎಂದೇ ಉಳಿಸಿ, ಹಳೆಯ ಪ್ರತಿಗಳನ್ನು ವಾಪಸು ತರಿಸಿಕೊಂಡರು.

ಅದೇ ವರ್ಷ ಕ್ಯಾಪ್ಟನ್ ಲೈಟ್‌ಫುಟ್ ಸಣ್ಣ ತುಕಡಿಯೊಂದಿಗೆ ತವಾಂಗ್‌ಗೆ ಹೋಗಿ ಬಂದ. ಅಲ್ಲಿ ಟಿಬೆಟ್‌ನ ತ್ಸೋನಾ ಕೋಟೆಯ ಅಧಿಕಾರಿಗಳು ತೆರಿಗೆ ಎತ್ತುತ್ತಿದ್ದರು, ಬೌದ್ಧ ಮಠದ ಮೇಲೆ ಲ್ಹಾಸಾದ ದ್ರೆಪುಂಗ್ ಮಠದ ಹಿಡಿತವಿತ್ತು. ಲ್ಹಾಸಾ ಆಕ್ಷೇಪಿಸಿತು, ದೆಹಲಿ ಹಿಂದೆ ಸರಿಯಿತು. 1944ರಲ್ಲಿ ಸೆ ಲಾ ಕಣಿವೆದಾರಿಯ ದಕ್ಷಿಣಕ್ಕೆ ದಿರಾಂಗ್‌ನಲ್ಲಿ ಒಂದು ಠಾಣೆ ಇಟ್ಟು ಅಲ್ಲಿಗೇ ನಿಲ್ಲಿಸಿದರು.

ಎರಡನೇ ಮಹಾಯುದ್ಧದ ಆ ವರ್ಷಗಳಲ್ಲೇ ಇನ್ನೊಂದು ಕೆಲಸ ಸದ್ದಿಲ್ಲದೆ ಆಯಿತು, ನನಗೆ ಅದು ಗೆರೆಗಿಂತ ದೊಡ್ಡದೆನಿಸುತ್ತದೆ. 1945ರ ಅಸ್ಸಾಂ ಗಡಿನಾಡು ನ್ಯಾಯಾಡಳಿತ ನಿಯಮಾವಳಿ ಹಳ್ಳಿಯ ಪಂಚಾಯ್ತಿ ಕಟ್ಟೆಗೆ ಕಾನೂನಿನ ಮುದ್ರೆ ಒತ್ತಿತು. ಆದಿ ಜನರಲ್ಲಿ ಕೆಬಾಂಗ್, ಆಪಾತಾನಿಗಳಲ್ಲಿ ಬುಲಿಯಾಂಗ್, ಹೀಗೆ ಒಂದೊಂದು ಸಮುದಾಯಕ್ಕೆ ಒಂದೊಂದು ಹಿರಿಯರ ಸಭೆ ಮೊದಲಿನಿಂದಲೂ ಇತ್ತು. ಭೂಮಿಯ ತಂಟೆ, ಮದುವೆಯ ತಗಾದೆ, ಕಳವು, ಹೊಡೆದಾಟ ಎಲ್ಲ ಅಲ್ಲೇ ತೀರುತ್ತಿದ್ದವು. ಕೆಬಾಂಗ್‌ನಲ್ಲಿ ಹಿರಿಯರು ಒಬ್ಬೊಬ್ಬರೇ ಎದ್ದು ಹಳೆಯ ತೀರ್ಪುಗಳನ್ನು ಎತ್ತಿ ಉದ್ದುದ್ದ ಮಾತಾಡುತ್ತಾರೆ. ಎಲ್ಲರೂ ತಲೆದೂಗುವ ತನಕ ಸಭೆ ಏಳುವುದಿಲ್ಲ. ತಪ್ಪಿತಸ್ಥನನ್ನು ಸೆರೆಗೆ ಹಾಕುವುದಿಲ್ಲ, ದಂಡ ತೆರಿಸುತ್ತಾರೆ, ದೊಡ್ಡ ತಪ್ಪಿಗೆ ದಂಡ ಮಿಥುನ್. ಅದು ಕಾಡೆಮ್ಮೆಯ ಮೈಕಟ್ಟಿನ, ಕಾಡಿನಲ್ಲೇ ಮೇಯಲು ಬಿಟ್ಟ ಸಾಕುಪ್ರಾಣಿ. ಅಲ್ಲಿ ಮನುಷ್ಯನ ಸಿರಿವಂತಿಕೆ ಅಳೆಯುವುದೇ ಮಿಥುನ್ ಲೆಕ್ಕದಲ್ಲಿ. 1945ರ ನಿಯಮಾವಳಿ ಈ ವ್ಯವಸ್ಥೆಯನ್ನು ಕಿತ್ತುಹಾಕದೆ, ಹಳ್ಳಿಯ ಮುಖ್ಯಸ್ಥನನ್ನು ಸರ್ಕಾರ ಒಪ್ಪುವಂತೆ ಮಾಡಿ, ಬಹುಪಾಲು ವ್ಯಾಜ್ಯ ಅಲ್ಲೇ ತೀರಲಿ ಎಂದಿತು. ಕೆಂಪು ಕೋಟು ತೊಟ್ಟ ಆ ಗಾಂವ್ ಬುರಾ ಇಂದಿಗೂ ಅರುಣಾಚಲದ ಹಳ್ಳಿಗಳಲ್ಲಿ ಸರ್ಕಾರದ ಮೊದಲ ಮುಖ. ಹತ್ತಿರ ಹತ್ತಿರ ಇದೇ ಹೊತ್ತಿಗೆ ಬಂದ ಜೂಮ್ ಜಮೀನಿನ ನಿಯಮಾವಳಿ ಸುತ್ತು ಬೇಸಾಯದ ಬೆಟ್ಟಗಳ ಮೇಲೆ ಸಮುದಾಯದ ಹಕ್ಕನ್ನು ಒಪ್ಪಿತು. ಪೊಲೀಸ್ ಠಾಣೆ, ಕೋರ್ಟು, ಪಹಣಿ ಇಲ್ಲದೆಯೇ ನ್ಯಾಯಕ್ಕೂ ನೆಲಕ್ಕೂ ಒಂದು ಕಾನೂನು ಬಂದಿತ್ತು.

ಸ್ವಾತಂತ್ರ್ಯ ಬಂದಾಗ ನಕ್ಷೆಯ ಮೇಲೆ ಎಲ್ಲ ಇತ್ತು, ನೆಲದ ಮೇಲೆ ಹೆಚ್ಚೇನೂ ಇರಲಿಲ್ಲ. ಸಂವಿಧಾನದ ಆರನೇ ಪರಿಚ್ಛೇದ ಈ ಸೀಮೆಯನ್ನು ಅಸ್ಸಾಂನ ಭಾಗವೆಂದೇ ಹೇಳಿತು, ಆದರೆ ಆಳುವವರು ಅಸ್ಸಾಂ ಮಂತ್ರಿಗಳಲ್ಲ. ರಾಷ್ಟ್ರಪತಿಯ ಏಜೆಂಟರಾಗಿ ರಾಜ್ಯಪಾಲರು. ಅವರ ಮೇಲಿದ್ದದ್ದು ಗೃಹ ಸಚಿವಾಲಯವೂ ಅಲ್ಲ, ವಿದೇಶಾಂಗ ಸಚಿವಾಲಯ. ಸ್ವಂತ ದೇಶದ ಇಷ್ಟು ದೊಡ್ಡ ಭಾಗವನ್ನು 1965ರವರೆಗೆ ವಿದೇಶಾಂಗ ಕಚೇರಿಯಿಂದ ಆಳಿದೆವು ಎಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಕಾಣುವುದಿಲ್ಲ. ನೆಹರೂ ಅವರೇ ವಿದೇಶಾಂಗ ಸಚಿವರಾಗಿದ್ದರಿಂದ ಬೆಟ್ಟದ ಕಡತಗಳು ನೇರ ಅವರ ಮೇಜಿಗೆ ಹೋಗುತ್ತಿದ್ದವು.

1950ರ ಅಕ್ಟೋಬರ್‌ನಲ್ಲಿ ಚೀನಾದ ಸೇನೆ ಟಿಬೆಟ್ ಹೊಕ್ಕಿತು. ಅಸ್ಸಾಂ ರಾಜ್ಯಪಾಲ ಜೈರಾಮದಾಸ್ ದೌಲತ್‌ರಾಮ್ ಮೇಜರ್ ರಲೆಂಗ್ನಾವ್ ಖಾತಿಂಗ್ ಅವರನ್ನು ಕರೆಸಿದರು. ಮಣಿಪುರದ ಉಖ್ರುಲ್‌ನ ತಾಂಗ್ಖುಲ್ ನಾಗಾ ಖಾತಿಂಗ್, ಮಹಾಯುದ್ಧದಲ್ಲಿ ಜಪಾನೀಯರ ವಿರುದ್ಧ ಕಾಡಿನಲ್ಲಿ ಹೋರಾಡಿದವರು. 1951ರ ಜನವರಿಯಲ್ಲಿ ಅಸ್ಸಾಂ ರೈಫಲ್ಸ್‌ನ ಸುಮಾರು 200 ಯೋಧರೊಂದಿಗೆ ಬಯಲಿನ ಚಾರ್ದ್ವಾರದಿಂದ ಹೊರಟು, ಹಿಮ ಮುಚ್ಚಿದ ಸೆ ಲಾ ದಾಟಿ, ಫೆಬ್ರವರಿ ಮೊದಲ ವಾರದಲ್ಲಿ ತವಾಂಗ್ ತಲುಪಿದರು. ಗುಂಡು ಹಾರಲಿಲ್ಲ. ಪಥಸಂಚಲನ ನಡೆಸಿ ಇರುವ ಬಲ ಎಷ್ಟೆಂದು ತೋರಿಸಿದರು, ಹಳ್ಳಿಯ ಮುಖಂಡರನ್ನೂ ಮಠದವರನ್ನೂ ಕಂಡರು, ಇನ್ನು ಮುಂದೆ ತ್ಸೋನಾದವರಿಗೆ ತೆರಿಗೆ ಕೊಡಬೇಕಿಲ್ಲ ಎಂದು ಸಾರಿದರು. ತವಾಂಗ್‌ನ ಮೋನ್ಪಾ ಸಮುದಾಯದ ರೈತರ ಮಟ್ಟಿಗೆ ಭಾರತ ಸರ್ಕಾರ ಬಂದದ್ದರ ಮೊದಲ ಗುರುತು ಒಂದು ತೆರಿಗೆ ಹೋದದ್ದು. ಬಳ್ಳಾರಿಯ ರೈತರಿಗೆ ಮನ್ರೋ ಹೊತ್ತು ತಂದದ್ದು ಕಂದಾಯದ ಲೆಕ್ಕ. ಇಲ್ಲಿ ಅದು ತಿರುವುಮುರುವಾಯಿತು.

ಎಲ್ಲ ಕಡೆ ಹೀಗೆ ಸಲೀಸಾಗಲಿಲ್ಲ. 1953ರ ಅಕ್ಟೋಬರ್‌ನಲ್ಲಿ ಸುಬನ್‌ಸಿರಿ ಮೇಲ್ಕಣಿವೆಯ ಅಚಿಂಗ್‌ಮೋರಿಯಲ್ಲಿ ಟಾಗಿನ್ ಜನ ಅಸ್ಸಾಂ ರೈಫಲ್ಸ್‌ನ ತುಕಡಿಯೊಂದರ ಮೇಲೆ ಬಿದ್ದು ಸುಮಾರು ಐವತ್ತು ಮಂದಿಯನ್ನು ಕೊಂದರು. ಸೈನ್ಯ ತಮ್ಮವರನ್ನು ಹಿಡಿದೊಯ್ಯಲು, ಆಳುಗಳನ್ನು ಬಿಡಿಸಲು ಬರುತ್ತಿದೆ ಎಂಬ ಗಾಳಿಮಾತು ನೆರೆಯ ಬುಡಕಟ್ಟಿನಿಂದ ಹಬ್ಬಿತ್ತು. ಸಂಸತ್ತಿನಲ್ಲಿ ಸೇಡಿನ ಕೂಗು ಎದ್ದಿತು. ಹಳ್ಳಿ ಸುಡುವುದು, ಬಾಂಬು ಹಾಕುವುದು ಬ್ರಿಟಿಷರ ಕಾಲದ ರೂಢಿ. ನೆಹರೂ ಅದನ್ನು ಒಪ್ಪಲಿಲ್ಲ. ಪಡೆ ಹೋಯಿತು, ಆದರೆ ಹಳ್ಳಿ ಉರಿಯಲಿಲ್ಲ. ದಾಳಿಯ ಮುಂದಾಳುಗಳನ್ನು ಹಿಡಿದು, ಅಲ್ಲೇ ಬೆಟ್ಟದಲ್ಲಿ ವಿಚಾರಣೆ ನಡೆಸಿ ಜೈಲು ಶಿಕ್ಷೆ ವಿಧಿಸಿದರು. 1911ರಲ್ಲಿ ಕೊಲೆಗೆ ಉತ್ತರ ದಂಡಯಾತ್ರೆಯಾಗಿತ್ತು, 1953ರಲ್ಲಿ ಮೊಕದ್ದಮೆ. ಗಡಿನಾಡು ಯಾವಾಗ ಆಡಳಿತದ ನೆಲವಾಯಿತು ಎಂದು ನನ್ನನ್ನು ಕೇಳಿದರೆ, ರಾಜಪತ್ರದ ಯಾವ ಅಧಿಸೂಚನೆಗಿಂತಲೂ ಮೊದಲು ಈ ವ್ಯತ್ಯಾಸವನ್ನು ತೋರಿಸುತ್ತೇನೆ. ಶತ್ರುವಿನ ಮೇಲೆ ದಂಡೆತ್ತಿ ಹೋಗುತ್ತಾರೆ, ಮೊಕದ್ದಮೆ ಹೂಡುವುದು ಪ್ರಜೆಯ ಮೇಲೆ.

1954ರಲ್ಲಿ ನಾರ್ತ್ ಈಸ್ಟ್ ಫ್ರಾಂಟಿಯರ್ ಏಜೆನ್ಸಿ, ಅಂದರೆ ನೇಫಾ, ಎಂಬ ಹೆಸರು ಬಂತು. ಕಾಮೆಂಗ್, ಸುಬನ್‌ಸಿರಿ, ಸಿಯಾಂಗ್, ಲೋಹಿತ್, ತಿರಾಪ್ ಎಂದು ನದಿಗಳ ಹೆಸರಿನಲ್ಲಿ ವಿಭಾಗಗಳಾದವು. ಆರನೆಯದಾದ ತ್ವೆನ್‌ಸಾಂಗ್ 1957ರಲ್ಲಿ ನಾಗಾ ಬೆಟ್ಟಗಳ ಜೊತೆ ಸೇರಿತು. ಆಡಳಿತದ ಕೇಂದ್ರಗಳು ಬಯಲು ಬಿಟ್ಟು ಬೆಟ್ಟ ಹತ್ತಿದವು: ಬೊಮ್ದಿಲಾ, ಜೀರೋ, ಆಲೋಂಗ್, ತೇಜು. ಇಲ್ಲಿಗಾಗಿಯೇ ಇಂಡಿಯನ್ ಫ್ರಾಂಟಿಯರ್ ಅಡ್ಮಿನಿಸ್ಟ್ರೇಟಿವ್ ಸರ್ವಿಸ್ ಎಂಬ ಹೊಸ ಸೇವೆ ಹುಟ್ಟಿತು, ಸೇನೆ, ಪೊಲೀಸು ಮುಂತಾದ ಕಡೆಗಳಿಂದ ಕಾಲ್ನಡಿಗೆಗೆ ಅಂಜದವರನ್ನು ಆರಿಸಿದರು. ವಿಭಾಗದ ವೈದ್ಯ, ಎಂಜಿನಿಯರ್, ಕೃಷಿ ಅಧಿಕಾರಿ, ಮೇಷ್ಟರು ಎಲ್ಲರೂ ಒಬ್ಬನೇ ಪೊಲಿಟಿಕಲ್ ಆಫೀಸರ್ ಕೈಕೆಳಗೆ. ರಸ್ತೆಯಿಲ್ಲದ ಠಾಣೆಗಳಿಗೆ ಅಕ್ಕಿ, ಉಪ್ಪು, ಔಷಧಿ ಆಕಾಶದಿಂದ ಬೀಳುತ್ತಿದ್ದವು. ಮುಂದೆ ಒಡಿಶಾದ ಮುಖ್ಯಮಂತ್ರಿಯಾದ ಬಿಜು ಪಟ್ನಾಯಕ್ ಅವರ ಕಳಿಂಗ ಏರ್‌ಲೈನ್ಸ್‌ನ ಡಕೋಟಾ ವಿಮಾನಗಳು ಈ ಕೆಲಸಕ್ಕೆ ಹಾರುತ್ತಿದ್ದವು. ಮೋಡ ಕವಿದು ವಿಮಾನ ಬಾರದಿದ್ದರೆ ಠಾಣೆಯವರಿಗೆ ಉಪವಾಸ.

ಈ ಕಾಲದ ನೀತಿಗೆ ರೂಪ ಕೊಟ್ಟವರಲ್ಲಿ ಮುಖ್ಯರು ವೆರಿಯರ್ ಎಲ್ವಿನ್. ಇಂಗ್ಲೆಂಡಿನಲ್ಲಿ ಹುಟ್ಟಿ, ಭಾರತದ ಪೌರತ್ವ ಪಡೆದ ಈ ಮಾನವಶಾಸ್ತ್ರಜ್ಞ 1954ರಿಂದ ನೇಫಾದ ಬುಡಕಟ್ಟು ವ್ಯವಹಾರಗಳ ಸಲಹೆಗಾರರು. ನೆಹರೂ ಬರೆದ ಐದು ಸೂತ್ರಗಳಲ್ಲಿ ಅವರ ನೆರಳು ಕಾಣುತ್ತದೆ: ಜನ ತಮ್ಮ ಪ್ರತಿಭೆಯ ದಾರಿಯಲ್ಲೇ ಬೆಳೆಯಲಿ, ನೆಲ ಮತ್ತು ಕಾಡಿನ ಹಕ್ಕಿಗೆ ಕೈಹಾಕಬಾರದು, ಹೊರಗಿನವರನ್ನು ತುಂಬಬಾರದು, ಅತಿಯಾಗಿ ಆಳಬಾರದು, ಫಲಿತಾಂಶವನ್ನು ಖರ್ಚಿನ ಅಂಕಿಗಳಿಂದ ಅಳೆಯಬಾರದು. ಇದು ಮನುಷ್ಯರನ್ನು ವಸ್ತುಸಂಗ್ರಹಾಲಯದಲ್ಲಿ ಇಡುವ ನೀತಿ ಎಂದು ಕೆರಳಿದವರೂ ಇದ್ದರು. 1951ರಲ್ಲಿ ನಮ್ಮ ಸಾಗರದ ಕಾಗೋಡು ಸತ್ಯಾಗ್ರಹಕ್ಕೆ ಬಂದು ಬಂಧನಕ್ಕೊಳಗಾದ ರಾಮಮನೋಹರ ಲೋಹಿಯಾ, ಆ ದಶಕದ ಕೊನೆಯಲ್ಲಿ ಪರ್ಮಿಟ್ ಇಲ್ಲದೆ ನೇಫಾ ಹೊಕ್ಕು ಅಲ್ಲಿಯೂ ಬಂಧಿತರಾದರು. ಸ್ವಂತ ದೇಶದೊಳಗೆ ಓಡಾಡಲು ಚೀಟಿ ಏಕೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಚೀಟಿಯಿಲ್ಲದ ಕಡೆಗಳಲ್ಲಿ ಆದಿವಾಸಿಯ ನೆಲಕ್ಕೆ ಏನಾಯಿತು ಎಂಬುದನ್ನು ಜಾರ್ಖಂಡ್, ತ್ರಿಪುರಾಗಳಲ್ಲಿ ನೋಡಿದವರಿಗೆ ಎಲ್ವಿನ್ ಅಳುಕು ಸುಳ್ಳೆನಿಸುವುದಿಲ್ಲ.

1959ರಲ್ಲಿ ದಲೈ ಲಾಮಾ ತವಾಂಗ್ ದಾರಿಯಾಗಿ ಬಂದರು. ಅವರ ಹಿಂದೆ ಬಂದವರಲ್ಲಿ ಬಹಳ ಮಂದಿ ಮುಂದೆ ನಮ್ಮ ಬೈಲಕುಪ್ಪೆ, ಮುಂಡಗೋಡುಗಳಲ್ಲಿ ನೆಲೆ ಕಂಡರು. ತವಾಂಗ್ ಮಠಕ್ಕೆ ಮೂಲವಾಗಿದ್ದ ದ್ರೆಪುಂಗ್ ಈಗ ಮರಳಿ ಎದ್ದು ನಿಂತಿರುವುದೂ ಮುಂಡಗೋಡಿನಲ್ಲೇ. ಆಗಸ್ಟ್‌ನಲ್ಲಿ ಲೊಂಗ್ಜು ಚಕಮಕಿಯಾದ ಬೆನ್ನಿಗೆ ನೇಫಾ ಗಡಿಯ ಹೊಣೆ ಸೇನೆಗೆ ಹೋಯಿತು, ಆಗ ಸೇನಾ ಮುಖ್ಯಸ್ಥರಾಗಿದ್ದವರು ಕೊಡಗಿನ ಜನರಲ್ ತಿಮ್ಮಯ್ಯ. 1961ರಲ್ಲಿ ಇಲ್ಲಿ ಮೊದಲ ಸಮಗ್ರ ಜನಗಣತಿ ನಡೆದು 3,36,558 ಜನರಿದ್ದಾರೆಂದು ಗೊತ್ತಾಯಿತು. ಮರುವರ್ಷವೇ ಯುದ್ಧ. ತವಾಂಗ್, ಸೆ ಲಾ, ಬೊಮ್ದಿಲಾ ಒಂದರ ಹಿಂದೊಂದು ಬಿದ್ದವು. ನವೆಂಬರ್ 21ರಂದು ಚೀನಾ ತಾನಾಗಿ ಗುಂಡು ನಿಲ್ಲಿಸಿ ಹಿಂದಕ್ಕೆ ಹೋಯಿತು, ಭಾರತದ ಅಧಿಕಾರಿಗಳು ಬಿಟ್ಟುಬಂದಿದ್ದ ಕಚೇರಿಗಳಿಗೆ ಮರಳಿದರು.

ಸೋಲಿನ ನಂತರ ನಿಧಾನದ ನೀತಿಗೆ ಜಾಗವಿರಲಿಲ್ಲ. ಅತಿಯಾಗಿ ಆಳಬಾರದೆಂಬ ಮಾತನ್ನು ಬುಲ್‌ಡೋಜರ್‌ಗಳು ಅಳಿಸಿದವು. 1965ರಲ್ಲಿ ನೇಫಾ ಗೃಹ ಸಚಿವಾಲಯಕ್ಕೆ ಬಂತು, ಪೊಲಿಟಿಕಲ್ ಆಫೀಸರುಗಳು ಡೆಪ್ಯುಟಿ ಕಮಿಷನರುಗಳಾದರು. ಜನರನ್ನು ತಂದು ಕೂರಿಸಿ ಗಡಿ ಕಾಯುವ ಯೋಚನೆಯೂ ಆಗಲೇ ಹೊಳೆದದ್ದು. ಬರ್ಮಾ ಮೂಲೆಯ ವಿಜಯನಗರದಲ್ಲಿ ಅಸ್ಸಾಂ ರೈಫಲ್ಸ್‌ನ ನಿವೃತ್ತ ಯೋಧರ ಸುಮಾರು 200 ಕುಟುಂಬಗಳಿಗೆ ಭೂಮಿ ಕೊಟ್ಟರು. ಪೂರ್ವ ಪಾಕಿಸ್ತಾನದಿಂದ ಓಡಿಬಂದ ಚಕ್ಮಾ, ಹಾಜಾಂಗ್ ನಿರಾಶ್ರಿತರನ್ನು 1964ರಿಂದ ಇಲ್ಲಿ ನೆಲೆಗೊಳಿಸಿದರು. ಸ್ಥಳೀಯರನ್ನು ಕೇಳಲಿಲ್ಲ, ಕೇಳಲು ಚುನಾಯಿತ ಸಭೆಯೂ ಇರಲಿಲ್ಲ. ಅವರ ಪೌರತ್ವದ ಜಗಳ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದರೂ ಇನ್ನೂ ಆರಿಲ್ಲ.

ಕೇಳಲು ಸಭೆಯೇ ಇಲ್ಲ ಎಂಬ ಕೊರತೆ ನೀಗಿಸಲು 1964ರಲ್ಲಿ ನೇಮಿಸಿದ್ದು ದಾಯಿಂಗ್ ಎರಿಂಗ್ ಸಮಿತಿ. ಎರಿಂಗ್ ಸ್ವತಃ ಆದಿ ಸಮುದಾಯದವರು, ಲೋಕಸಭೆಯ ನಾಮನಿರ್ದೇಶಿತ ಸದಸ್ಯರು. ನೇಫಾದವರಿಗೆ ಆಗ ಮತದಾನವಿರಲಿಲ್ಲ, ಅವರ ಸಂಸದರನ್ನು ರಾಷ್ಟ್ರಪತಿ ಹೆಸರಿಸುತ್ತಿದ್ದರು. ಸಮಿತಿ ಕೆಬಾಂಗ್‌ಗಳನ್ನು ಒಡೆಯದೆ ಅವುಗಳ ಮೇಲೆಯೇ ಮಹಡಿ ಕಟ್ಟುವ ದಾರಿ ಹೇಳಿತು: ಹಳ್ಳಿಯ ಸಭೆ, ಅದರ ಮೇಲೆ ಅಂಚಲ ಸಮಿತಿ, ಅದರ ಮೇಲೆ ಜಿಲ್ಲಾ ಪರಿಷತ್, ತುದಿಯಲ್ಲಿ ಏಜೆನ್ಸಿ ಕೌನ್ಸಿಲ್. 1967ರ ಪಂಚಾಯತ್ ರಾಜ್ ನಿಯಮಾವಳಿ ಇದನ್ನು ಕಾನೂನು ಮಾಡಿತು, 1969ರ ಡಿಸೆಂಬರ್‌ನಲ್ಲಿ ಏಜೆನ್ಸಿ ಕೌನ್ಸಿಲ್ ಸೇರಿತು. ಅಲ್ಲಿಂದ ಮುಂದಿನದು ಓಟ. 1972ರ ಜನವರಿ 21ರಿಂದ ಕೇಂದ್ರಾಡಳಿತ ಪ್ರದೇಶ, ಅರುಣಾಚಲ ಎಂಬ ಹೆಸರು. ಅಲ್ಲಿಯವರೆಗಿನ ಎಲ್ಲ ಹೆಸರುಗಳೂ ಬೇರೆಲ್ಲೋ ಕೂತವರಿಗೆ ಆ ನೆಲ ಯಾವ ದಿಕ್ಕಿನ ಅಂಚಿನಲ್ಲಿದೆ ಎಂದಷ್ಟೇ ಹೇಳುತ್ತಿದ್ದವು. ಮೇಘಾಲಯದ ಶಿಲ್ಲಾಂಗ್‌ನಲ್ಲಿದ್ದ ಕೇಂದ್ರ ಕಚೇರಿ 1974ರಲ್ಲಿ ಇಟಾನಗರಕ್ಕೆ ಬಂತು. 1975ರಲ್ಲಿ ತಾತ್ಕಾಲಿಕ ವಿಧಾನಸಭೆ, ಪ್ರೇಮ್ ಖಂಡು ಥುಂಗನ್ ಮೊದಲ ಮುಖ್ಯಮಂತ್ರಿ. 1977ರಲ್ಲಿ ಮೊದಲ ಲೋಕಸಭಾ ಚುನಾವಣೆ, ಅದೂ ಅರ್ಧ: ಎರಡು ಕ್ಷೇತ್ರಗಳಲ್ಲಿ ಪಶ್ಚಿಮದ್ದು ಅವಿರೋಧ ಆಯ್ಕೆಯಾಗಿ, ಜನ ಮತ ಹಾಕಿದ್ದು ಪೂರ್ವದಲ್ಲಿ ಮಾತ್ರ. 1987ರ ಫೆಬ್ರವರಿ 20ರಂದು, ತವಾಂಗ್ ಗಡಿಯ ಸುಮ್ದೊರೊಂಗ್ ಚು ಕಣಿವೆಯಲ್ಲಿ ಭಾರತ, ಚೀನಾ ಎರಡೂ ಸೇನೆಗಳು ಎದುರುಬದುರು ನಿಂತಿರುವಾಗಲೇ, ಅರುಣಾಚಲ ರಾಜ್ಯವಾಯಿತು. ಚೀನಾ ಪ್ರತಿಭಟಿಸಿತು.

ರಾಜ್ಯವಾದ ಮೇಲೂ ಗಡಿನಾಡಿನ ಗುರುತುಗಳು ಪೂರ್ತಿ ಹೋಗಿಲ್ಲ. ಸಂವಿಧಾನದ 371ಎಚ್ ವಿಧಿ ಕಾನೂನು ಸುವ್ಯವಸ್ಥೆಯಲ್ಲಿ ರಾಜ್ಯಪಾಲರಿಗೆ ವಿಶೇಷ ಹೊಣೆ ಕೊಟ್ಟಿದೆ. ಅಲ್ಲಿ ವಾಸಿಸುವ ಪರಿಶಿಷ್ಟ ಪಂಗಡದವರು ಅಲ್ಲಿ ಗಳಿಸಿದ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಭೂದಾಖಲೆಯ ಕಾನೂನು ಬಂದದ್ದೇ 2000ದಲ್ಲಿ. ಇಂದಿಗೂ ಬಹುಪಾಲು ನೆಲಕ್ಕೆ ಸರ್ವೆ ನಂಬರ್ ಇಲ್ಲ, ಯಾವ ಬೆಟ್ಟ ಯಾವ ಕುಲದ್ದು ಎಂಬುದು ಹಿರಿಯರ ನೆನಪಿನಲ್ಲಿದೆ. ಹೆದ್ದಾರಿಗೆ, ಅಣೆಕಟ್ಟಿಗೆ ಭೂಮಿ ಬೇಕಾದಾಗ ಪರಿಹಾರ ಯಾರಿಗೆ ಎಂಬ ಜಗಳ ಏಳುವುದು ಇದರಿಂದಲೇ. ಇನ್ನರ್ ಲೈನ್ ಅನ್ನು ಚಹಾ ತೋಟದವರ ಉಪದ್ರವ ತಪ್ಪಿಸಿಕೊಳ್ಳಲು ಎಳೆದವರು ಬ್ರಿಟಿಷರು. ಪಹಣಿಯಿಲ್ಲದ ನೆಲದಲ್ಲಿ ಇಂದು ಅದು ಪಹಣಿಯ ಕೆಲಸವನ್ನೂ ಮಾಡುತ್ತಿದೆ, ಹೊರಗಿನವನು ಬಂದು ಬೇಲಿ ಹಾಕದಂತೆ ನೋಡಿಕೊಳ್ಳುತ್ತಿದೆ. 2019ರಲ್ಲಿ ಮಣಿಪುರವೂ ಅದೇ 1873ರ ನಿಯಮಾವಳಿಯೊಳಗೆ ಬಂತು.

ಚೀನಾದ ಗಡಿಯ ಮಾತು ಎಲ್ಲರಿಗೂ ಗೊತ್ತು. ಆದರೆ ಈ ರಾಜ್ಯದ ದಕ್ಷಿಣದ ಗಡಿಯೂ, ಅಂದರೆ ಅಸ್ಸಾಂ ಕಡೆಯದೂ, ತಕರಾರಿನದೇ. 1951ರಲ್ಲಿ ಬೆಟ್ಟದ ಬುಡದ ಸಮತಟ್ಟು ನೆಲವನ್ನು ಅಧಿಸೂಚನೆಯೊಂದರಿಂದ ಅಸ್ಸಾಂ ಜಿಲ್ಲೆಗಳಿಗೆ ಸೇರಿಸಿದ್ದರು, ಪೋಸಾ ಹಳ್ಳಿಗಳಿದ್ದ ಸೀಮೆಯೇ ಅದು. ನಮ್ಮನ್ನು ಕೇಳದೆ ಕೊಟ್ಟರು ಎಂಬುದು ಅರುಣಾಚಲದ ತಕರಾರು. 1989ರಲ್ಲಿ ಅಸ್ಸಾಂ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಜುಲೈನಲ್ಲಿ ಇಬ್ಬರು ಮುಖ್ಯಮಂತ್ರಿಗಳು ನಾಮ್‌ಸಾಯಿಯಲ್ಲಿ ಕೂತು, ವಿವಾದದ 123 ಹಳ್ಳಿಗಳನ್ನು 86ಕ್ಕೆ ಇಳಿಸಿದರು. 2023ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ ಒಪ್ಪಂದಕ್ಕೆ ಸಹಿಯಾಯಿತು. ಉಳಿದ ಕೆಲಸ ಎರಡೂ ರಾಜ್ಯಗಳ ಪ್ರಾದೇಶಿಕ ಸಮಿತಿಗಳದು. ಅವು ಹಳ್ಳಿಗಳಿಗೇ ಹೋಗಿ, ಜನರನ್ನು ಕೇಳಿ, ಗಡಿ ಗೊತ್ತುಮಾಡಬೇಕು. ಮೆಕ್‌ಮಹೋನ್ ಆಗಲಿ, 1951ರ ಅಧಿಸೂಚನೆ ಬರೆದವರಾಗಲಿ ಅಷ್ಟು ದೂರ ನಡೆದಿರಲಿಲ್ಲ.